ಹಿರಿಯರ ಕೂಟಕ್ಕೆ ಕೌನ್ಸಿಲ್ ಗ್ರ್ಯಾಂಟ್: ಇಂಗ್ಲೆಂಡಿನ ಕನ್ನಡ ಬಳಗಗಳಿಗೊಂದು ಸಮಗ್ರ ಮಾರ್ಗದರ್ಶಿ

“ನಮ್ಮ ಹಿರಿಯರು ವಾರಕ್ಕೊಮ್ಮೆ ಸೇರಿ, ನಾಲ್ಕು ಹಾಡು ಹೇಳಿ, ಊಟ ಮಾಡಿಕೊಂಡು ಹೋಗುತ್ತಾರೆ” ಎಂದು ಬರೆದರೆ ಅದು ಸಂಸ್ಕೃತಿ ವಿಭಾಗದ ಅರ್ಜಿ. “ಹಗಲಿಡೀ ಮನೆಯಲ್ಲಿ ಒಬ್ಬರೇ ಇರುವ, ಹೋದ ವರ್ಷ ಒಮ್ಮೆಯಾದರೂ ಬಿದ್ದಿರುವ, ಜಿಪಿಗೆ ಇಂಗ್ಲಿಷಿನಲ್ಲಿ ಫೋನ್ ಮಾಡಲಾಗದ 25 ಜನರಿಗೆ ಕೇರರ್ ಬೇಕಾಗುವ ದಿನವನ್ನು ಮುಂದೂಡುತ್ತೇವೆ” ಎಂದು ಬರೆದರೆ ಅದು ವಯಸ್ಕರ ಆರೈಕೆ ವಿಭಾಗದ ಅರ್ಜಿ. ಹಾಲ್ ಅದೇ, ಚಿತ್ರಾನ್ನ ಅದೇ, ಬರುವ ಜನವೂ ಅವರೇ. ಕೊಡುವ ಖಾತೆ ಮಾತ್ರ ಬೇರೆ, ಆ ಖಾತೆಯವರು ಕೇಳುವ ಪ್ರಶ್ನೆಯೂ ಬೇರೆ. ಬಹಳಷ್ಟು ಬಳಗಗಳ ಅರ್ಜಿ ಬಿದ್ದುಹೋಗುವುದು ಇಲ್ಲೇ.

ಕೌನ್ಸಿಲ್ ಈ ಹಣ ಕೊಡುವುದು ಔದಾರ್ಯಕ್ಕಲ್ಲ. ಕೇರ್ ಆಕ್ಟ್ 2014ರ ಎರಡನೇ ಸೆಕ್ಷನ್ ಅದರ ಮೇಲೆ ಕರ್ತವ್ಯ ಹೊರಿಸಿದೆ. 2015ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಈ ಸೆಕ್ಷನ್ ಪ್ರಕಾರ ಜನರಿಗೆ ಆರೈಕೆಯ ಅಗತ್ಯ ಬರದಂತೆ ತಡೆಯಬೇಕು, ಬಂದದ್ದನ್ನು ತಗ್ಗಿಸಬೇಕು, ಬರಲಿರುವುದನ್ನು ಮುಂದೂಡಬೇಕು. ಈ ಮೂರರಲ್ಲಿ ನಿಮ್ಮದು ಯಾವುದು ಎಂದು ಮೊದಲೇ ತೀರ್ಮಾನಿಸಿಕೊಳ್ಳಿ. ಆರೋಗ್ಯವಾಗಿರುವ, ಈಗಷ್ಟೇ ನಿವೃತ್ತರಾದವರ ವಾಕಿಂಗ್ ಗುಂಪು ತಡೆಗೆ ಸೇರಿದ್ದು. ಬಿದ್ದು ಎದ್ದವರಿಗೆ ಸಮತೋಲನದ ವ್ಯಾಯಾಮ ತಗ್ಗಿಸುವುದು. ಮರೆವು ಶುರುವಾಗಿರುವವರ ಜೊತೆ ಅವರನ್ನು ನೋಡಿಕೊಳ್ಳುವ ಮಗಳಿಗೂ ಎರಡು ಗಂಟೆ ಬಿಡುವು ಕೊಡುವುದು ಮುಂದೂಡುವುದು. ಮೂರನ್ನೂ ಮಾಡುತ್ತೇವೆ ಎಂದವರಿಗೆ ಮೂರರಲ್ಲೂ ಅರ್ಧರ್ಧ ಅಂಕ.

ಇಲ್ಲಿ ಹೇಳುವುದೆಲ್ಲ ಇಂಗ್ಲೆಂಡಿಗೆ ಅನ್ವಯಿಸುವಂಥದ್ದು. ವೇಲ್ಸ್, ಸ್ಕಾಟ್ಲೆಂಡ್, ಉತ್ತರ ಐರ್ಲೆಂಡುಗಳ ಕಾನೂನೂ ವ್ಯವಸ್ಥೆಯೂ ಬೇರೆ.

ಹಂತ 1: ಸರಿಯಾದ ಬಾಗಿಲು ತಟ್ಟಿ

ಲಂಡನ್ ಬರೋಗಳಲ್ಲಿ, ಬರ್ಮಿಂಗ್‌ಹ್ಯಾಮಿನಂಥ ಮೆಟ್ರೊಪಾಲಿಟನ್ ಕೌನ್ಸಿಲ್‌ಗಳಲ್ಲಿ, ಸ್ಲೌ, ರೆಡಿಂಗ್‌ನಂಥ ಯೂನಿಟರಿಗಳಲ್ಲಿ ಗೊಂದಲವಿಲ್ಲ. ಇರುವುದು ಒಂದೇ ಕೌನ್ಸಿಲ್. ಕೌಂಟಿ ಕೌನ್ಸಿಲ್ ಒಂದು, ಅದರ ಕೆಳಗೆ ಬರೋ ಅಥವಾ ಡಿಸ್ಟ್ರಿಕ್ಟ್ ಕೌನ್ಸಿಲ್ ಇನ್ನೊಂದು ಇರುವ ಎರಡು ಹಂತದ ಕೌಂಟಿಗಳಲ್ಲಿ ಮಾತ್ರ ಎಡವುತ್ತಾರೆ. ವಾಟ್‌ಫರ್ಡಿನಲ್ಲಿರುವ ಬಳಗ ವಯಸ್ಕರ ಆರೈಕೆಗೆ ಹೋಗಬೇಕಾದದ್ದು ವಾಟ್‌ಫರ್ಡ್ ಬರೋ ಕೌನ್ಸಿಲ್‌ಗಲ್ಲ, ಹರ್ಟ್‌ಫರ್ಡ್‌ಶೈರ್ ಕೌಂಟಿ ಕೌನ್ಸಿಲ್‌ಗೆ. ಆದರೆ ಅಡುಗೆ ಮನೆಯ ನೋಂದಣಿ ಆಗುವುದು ಬರೋದಲ್ಲೇ. ಇಂಥ ಕೌಂಟಿಗಳಲ್ಲಿ ಈಗ ಕೌನ್ಸಿಲ್‌ಗಳ ಪುನರ್ರಚನೆಯೂ ನಡೆಯುತ್ತಿರುವುದರಿಂದ, ಗ್ರ್ಯಾಂಟ್ ಅವಧಿಯ ಮಧ್ಯೆ ಕೌನ್ಸಿಲ್ಲೇ ಬದಲಾದರೆ ಒಪ್ಪಂದ ಯಾರಿಗೆ ಹೋಗುತ್ತದೆ ಎಂದು ಮೊದಲೇ ಕೇಳಿಟ್ಟುಕೊಳ್ಳಿ.

ಒಳಗೆ ಹೋದ ಮೇಲೂ ಬಾಗಿಲು ಒಂದಲ್ಲ. ವಯಸ್ಕರ ಆರೈಕೆಯ ಕಮಿಷನಿಂಗ್ (ಸೇವೆಗಳನ್ನು ಗೊತ್ತುಮಾಡಿ ಹಣ ಕೊಡುವ) ತಂಡ, ಪಬ್ಲಿಕ್ ಹೆಲ್ತ್ ತಂಡ, ವಾರ್ಡಿನ ಕೌನ್ಸಿಲರ್‌ಗಳ ಕೈಯಲ್ಲಿರುವ ಸಣ್ಣ ನಿಧಿ, ಮೂರರದ್ದೂ ಬೇರೆ ಬೇರೆ ಲೆಕ್ಕ. ಮೊದಲ ಸಲ ಕೇಳುವವರು ವಾರ್ಡ್ ನಿಧಿಯಿಂದ ಕೆಲವು ನೂರು ಪೌಂಡ್ ಪಡೆದು ಹತ್ತು ವಾರದ ಪ್ರಯೋಗ ನಡೆಸುವುದು ಜಾಣತನ. ದೊಡ್ಡ ಅರ್ಜಿಗೆ ಬೇಕಾದ ಹಾಜರಿ ಪುಸ್ತಕ ಅಲ್ಲೇ ಸಿಗುತ್ತದೆ. ಪ್ರಕಟಣೆಗಳು ಮೊದಲು ಬರುವುದು ಸ್ಥಳೀಯ ಸ್ವಯಂಸೇವಾ ಸಂಸ್ಥೆಗಳ ಒಕ್ಕೂಟದ ಇಮೇಲ್ ಪಟ್ಟಿಯಲ್ಲಿ. ಇವತ್ತೇ ಅದಕ್ಕೆ ಸೇರಿಕೊಳ್ಳಿ. ಅರ್ಜಿಗೆ ನಾಲ್ಕೋ ಆರೋ ವಾರ ಮಾತ್ರ ಕೊಡುವುದು ಸಾಮಾನ್ಯ.

ಪ್ರಕಟಣೆ ಸಿಕ್ಕ ಕೂಡಲೇ ನೋಡಬೇಕಾದದ್ದು ಇದು ಗ್ರ್ಯಾಂಟೋ, ಕಾಂಟ್ರ್ಯಾಕ್ಟೋ ಎಂದು. ಕಾಂಟ್ರ್ಯಾಕ್ಟ್ ಎಂದರೆ ಕೌನ್ಸಿಲ್ ನಿಮ್ಮಿಂದ ಸೇವೆ ಕೊಂಡುಕೊಳ್ಳುತ್ತಿದೆ. ಅದಕ್ಕೆ 2025ರ ಫೆಬ್ರವರಿ 24ರಿಂದ ಜಾರಿಗೆ ಬಂದ ಪ್ರೊಕ್ಯೂರ್‌ಮೆಂಟ್ ಆಕ್ಟ್ 2023ರ (ಸರ್ಕಾರಿ ಖರೀದಿಯ ಕಾನೂನು) ನಿಯಮಗಳು ಅನ್ವಯಿಸಬಹುದು, ವ್ಯಾಟ್ ಪ್ರಶ್ನೆಯೂ ಏಳುತ್ತದೆ. ಗ್ರ್ಯಾಂಟ್ ವ್ಯಾಟ್‌ನ ವ್ಯಾಪ್ತಿಗೇ ಬರುವುದಿಲ್ಲ. ಹೆಸರನ್ನು ನಂಬಬೇಡಿ, ಕರಡು ಒಪ್ಪಂದ ಓದಿ. ಸೇವೆ ಕೊಡದಿದ್ದರೆ ದಂಡ, ಗಂಟೆಗಿಷ್ಟು ದರ ಎಂದೆಲ್ಲ ಇದ್ದರೆ ತಲೆಬರಹದಲ್ಲಿ ಗ್ರ್ಯಾಂಟ್ ಎಂದಿದ್ದರೂ ಒಳಗೆ ಕಾಂಟ್ರ್ಯಾಕ್ಟೇ ಇರಬಹುದು.

ಹಂತ 2: ಬೈಲಾ ತೆಗೆದು ಓದಿ

ಇದು ಬೇಸರದ ಕೆಲಸ, ಆದರೆ ಹೆಚ್ಚು ಸಮಯ ತಿನ್ನುವುದೂ ಇದೇ. ಬಹುತೇಕ ಬಳಗಗಳ ಉದ್ದೇಶದಲ್ಲಿ “ಕನ್ನಡ ಭಾಷೆ ಮತ್ತು ಸಂಸ್ಕೃತಿಯ ಪ್ರಚಾರ” ಎಂದಷ್ಟೇ ಇರುತ್ತದೆ. ಹಿರಿಯರ ಆರೈಕೆ ಅದರೊಳಗೆ ಬರುವುದಿಲ್ಲ. ಉದ್ದೇಶದ ಹೊರಗಿನ ಕೆಲಸಕ್ಕೆ ಟ್ರಸ್ಟಿಗಳು ಹಣ ಪಡೆಯುವಂತಿಲ್ಲ. ನಿಮ್ಮದು ಸಿಐಒ (ಚಾರಿಟಿಗಳಿಗೆಂದೇ ಇರುವ ನೋಂದಾಯಿತ ಸಂಸ್ಥೆಯ ರೂಪ) ಆಗಿದ್ದರೆ ಉದ್ದೇಶ ತಿದ್ದಲು ಸದಸ್ಯರ ಸಭೆಯಲ್ಲಿ ಬಿದ್ದ ಮತಗಳಲ್ಲಿ ಶೇಕಡ 75 ಬೇಕು, ಅದರ ಮೇಲೆ ಚಾರಿಟಿ ಕಮಿಷನ್ನಿನ ಪೂರ್ವಾನುಮತಿಯೂ ಬೇಕು. ಸಭೆಯ ನೋಟಿಸ್ ದಿನಗಳನ್ನೂ ಸೇರಿಸಿದರೆ ತಿಂಗಳುಗಳೇ ಹಿಡಿಯಬಹುದು. ಪ್ರಕಟಣೆ ಬಂದ ಮೇಲೆ ಶುರು ಮಾಡಿದವರಿಗೆ ಆ ಸುತ್ತು ತಪ್ಪಿದಂತೆಯೇ. ಇನ್ನೂ ನೋಂದಣಿಯಾಗದ ಗುಂಪಿನವರು ಗಮನಿಸಿ: ವರ್ಷದ ಆದಾಯ 5,000 ಪೌಂಡ್ ದಾಟುವ ಚಾರಿಟಿ ನೋಂದಣಿ ಮಾಡಿಸಲೇಬೇಕು. ಸಿಐಒ ಆಗುವುದಾದರೆ ಆದಾಯ ಎಷ್ಟೇ ಇರಲಿ, ನೋಂದಣಿಯಿಲ್ಲದೆ ಅದು ಅಸ್ತಿತ್ವಕ್ಕೇ ಬರುವುದಿಲ್ಲ.

ಉಳಿದ ಕಾಗದಗಳು: ಬ್ಯಾಂಕ್ ಖಾತೆಗೆ ಸಂಬಂಧಿಗಳಲ್ಲದ ಇಬ್ಬರ ಸಹಿ (ಅಧ್ಯಕ್ಷರು ಯಜಮಾನರು, ಖಜಾಂಚಿ ಅವರ ಮನೆಯವರು ಎಂಬ ವ್ಯವಸ್ಥೆ ಬಳಗದಲ್ಲಿ ನಡೆದೀತು, ಕೌನ್ಸಿಲ್ ಮುಂದೆ ನಡೆಯದು), ಹೋದ ವರ್ಷದ ಲೆಕ್ಕಪತ್ರ, ಸೇಫ್‌ಗಾರ್ಡಿಂಗ್ ನೀತಿ (ಹಿರಿಯರನ್ನು ಶೋಷಣೆಯಿಂದ ಕಾಪಾಡುವ ಕ್ರಮ), ಪಬ್ಲಿಕ್ ಲಯಬಿಲಿಟಿ ವಿಮೆ (ಕೂಟಕ್ಕೆ ಬಂದವರಿಗೆ ಹಾನಿಯಾದರೆ ಪರಿಹಾರಕ್ಕೆ), ಸಾಮಾನ್ಯವಾಗಿ 50 ಲಕ್ಷ ಪೌಂಡಿನದು ಕೇಳುತ್ತಾರೆ. ಸಂಬಳಕ್ಕೆ ಒಬ್ಬರನ್ನಿಟ್ಟುಕೊಂಡರೂ ಎಂಪ್ಲಾಯರ್ಸ್ ಲಯಬಿಲಿಟಿ ವಿಮೆ ಕಾನೂನಿನಂತೆ ಕಡ್ಡಾಯ, ಅದರ ಕನಿಷ್ಠ ಮೊತ್ತವೂ 50 ಲಕ್ಷ ಪೌಂಡ್.

ಸೇಫ್‌ಗಾರ್ಡಿಂಗ್ ನೀತಿಯನ್ನು ಇಂಟರ್‌ನೆಟ್ಟಿನಿಂದ ಇಳಿಸಿ ಹೆಸರು ಬದಲಿಸಿದ್ದು ಓದುವವರಿಗೆ ಎರಡನೇ ಪುಟದಲ್ಲೇ ಗೊತ್ತಾಗುತ್ತದೆ. ಅವರು ಹುಡುಕುವುದು ಒಂದೇ: ಒಬ್ಬ ಅಜ್ಜಿ ಸ್ವಯಂಸೇವಕಿಯ ಕಿವಿಯಲ್ಲಿ “ಪೆನ್ಷನ್ ಕಾರ್ಡು ಮಗನ ಹತ್ತಿರವೇ ಇರೋದಮ್ಮ, ಕೇಳಿದರೆ ಬೈತಾನೆ, ಯಾರಿಗೂ ಹೇಳಬೇಡ” ಎಂದರೆ ಆ ಹುಡುಗಿ ಏನು ಮಾಡಬೇಕು? ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಡಬಾರದು. ಅಜ್ಜಿ ಆಡಿದ ಮಾತನ್ನೇ ಅದೇ ದಿನ ಬರೆದಿಡಬೇಕು. ನಿಗದಿಯಾದ ಟ್ರಸ್ಟಿಗೆ ತಿಳಿಸಬೇಕು. ಅವರು ಕೌನ್ಸಿಲ್ಲಿನ ಸೇಫ್‌ಗಾರ್ಡಿಂಗ್ ತಂಡಕ್ಕೆ ದಾಟಿಸಬೇಕು. ಆಮೇಲಿನ ವಿಚಾರಣೆ ಕೇರ್ ಆಕ್ಟ್ ಸೆಕ್ಷನ್ 42ರಡಿ ಕೌನ್ಸಿಲ್ಲಿನ ಕೆಲಸ, ಬಳಗದ ಹಿರಿಯರು ಮಗನನ್ನು ಕರೆಸಿ ಬುದ್ಧಿ ಹೇಳುವ ಪಂಚಾಯಿತಿಯಲ್ಲ. ಇಷ್ಟನ್ನು ಕನ್ನಡದಲ್ಲೂ ಒಂದು ಪುಟಕ್ಕೆ ಬರೆದು ಅಡುಗೆ ಮನೆಯ ಬಾಗಿಲಿಗೆ ಅಂಟಿಸಿ.

ಆರೈಕೆಯ ಗಡಿ ಎಲ್ಲಿ ಎಂಬುದೂ ಸ್ಪಷ್ಟವಿರಲಿ. ಸ್ವಯಂಸೇವಕರು ಹಿರಿಯರ ಮನೆಗೆ ಹೋಗಿ ಸ್ನಾನ ಮಾಡಿಸಿ ಬಟ್ಟೆ ತೊಡಿಸುವ ಸೇವೆಯನ್ನು ನೀವು ನಡೆಸಿದರೆ ಅದು ಸಿಕ್ಯೂಸಿ (ಆರೈಕೆ ಸೇವೆಗಳ ಮೇಲೆ ಕಣ್ಣಿಡುವ ಸಂಸ್ಥೆ) ನೋಂದಣಿ ಬೇಕಾದ ಕೆಲಸ. ಅದಕ್ಕೆ ಕೈ ಹಾಕಬೇಡಿ. ಕೂಟದಲ್ಲಿ ವಯಸ್ಸಿನ ಕಾರಣಕ್ಕೆ ಯಾರನ್ನಾದರೂ ಶೌಚಾಲಯದಲ್ಲಿ ಕೈಹಿಡಿದು ನೋಡಿಕೊಳ್ಳುವುದಿದ್ದರೆ ಆ ಕೆಲಸ ಮಾಡುವವರಿಗೆ ನಿಷೇಧಿತರ ಪಟ್ಟಿಯನ್ನೂ ನೋಡುವ ಎನ್‌ಹ್ಯಾನ್ಸ್ಡ್ ಡಿಬಿಎಸ್ (ಅಪರಾಧ ಹಿನ್ನೆಲೆಯ ತಪಾಸಣೆ) ಬೇಕು. ಬಡಿಸುವವರಿಗೆಲ್ಲ ಅದನ್ನು ಮಾಡಿಸಹೊರಡುವುದು ತಪ್ಪು. ಅರ್ಹತೆಯಿಲ್ಲದ ಹುದ್ದೆಗೆ ಆ ಮಟ್ಟದ ತಪಾಸಣೆ ಕೇಳುವಂತಿಲ್ಲ. ಸ್ವಯಂಸೇವಕರ ಡಿಬಿಎಸ್‌ಗೆ ಶುಲ್ಕವಿಲ್ಲ, ಮಧ್ಯವರ್ತಿ ಸಂಸ್ಥೆಯ ಸೇವಾ ಶುಲ್ಕ ಮಾತ್ರ ಬರಬಹುದು.

ಹಂತ 3: ಯಾರಿಗೆ ಎಂಬುದನ್ನು ಕೌನ್ಸಿಲ್ಲಿನ ಕಾಗದದಿಂದಲೇ ತೋರಿಸಿ

ಪ್ರತಿ ಪ್ರದೇಶಕ್ಕೂ ಜೆಎಸ್‌ಎನ್‌ಎ ಎಂಬ ಅಗತ್ಯಗಳ ಸಮೀಕ್ಷೆ ಇದೆ, ಜೊತೆಗೆ ಹೆಲ್ತ್ ಅಂಡ್ ವೆಲ್‌ಬೀಯಿಂಗ್ ಬೋರ್ಡಿನ ಕಾರ್ಯತಂತ್ರ ಇದೆ. ಎರಡು ಸಂಜೆ ಕೂತು ಓದಿ. ನಿಮಗೆ ಬೇಕಾದದ್ದು ಮೂರೇ ವಾಕ್ಯ: ಹಿರಿಯರು ಬೀಳುವ ಬಗ್ಗೆ ಒಂದು, ಒಂಟಿತನದ ಬಗ್ಗೆ ಒಂದು, ದಕ್ಷಿಣ ಏಷ್ಯಾದವರು ಸೇವೆಗಳಿಗೆ ಬರುತ್ತಿಲ್ಲ ಎಂಬ ಬಗ್ಗೆ ಒಂದು. ಅವುಗಳ ಪಕ್ಕದಲ್ಲಿ ನಿಮ್ಮದೇ ಎಣಿಕೆ ಇಡಿ: ಬಳಗದ ಪಟ್ಟಿಯಲ್ಲಿ 65 ದಾಟಿದವರು ಎಷ್ಟು, ಅದರಲ್ಲಿ ಹಗಲು ಒಬ್ಬರೇ ಇರುವವರು ಎಷ್ಟು, ಯಾವ ಪೋಸ್ಟ್‌ಕೋಡಿನವರು. ಗಡಿಯಾಚೆಯ ಬರೋದಿಂದ ಬರುವವರನ್ನು ಎಣಿಕೆಗೆ ಸೇರಿಸಬೇಡಿ. ಅವರ ಖರ್ಚಿಗೆ ಈ ಕೌನ್ಸಿಲ್ ಹಣ ಕೊಡುವುದಿಲ್ಲ.

“ಕನ್ನಡಿಗರಿಗೆ ಮಾತ್ರ” ಎಂದು ಬರೆಯುವ ಆಸೆ ಬಿಡಿ. ಈಕ್ವಾಲಿಟಿ ಆಕ್ಟ್ 2010ರ ಸೆಕ್ಷನ್ 149ರಂತೆ ಕೌನ್ಸಿಲ್ ತನ್ನ ಹಣ ಯಾರನ್ನು ಹೊರಗಿಡುತ್ತದೆ ಎಂದು ನೋಡಲೇಬೇಕು. “ಕನ್ನಡದಲ್ಲಿ ನಡೆಯುವ, ತುಳು, ಕೊಂಕಣಿ, ಉರ್ದು ಮಾತಾಡುವವರೂ ಬರುವ, ಎಲ್ಲರಿಗೂ ತೆರೆದ ಕೂಟ” ಎಂದರೆ ಸಾಕು. ಆದರೆ ಬರೆದಂತೆ ನಡೆಯಬೇಕು: ಪೂಜೆ ಇಟ್ಟುಕೊಳ್ಳುವುದಿದ್ದರೆ ಗ್ರ್ಯಾಂಟಿನ ಗಂಟೆಗಳ ಹೊರಗೆ, ಬಳಗದ ಸ್ವಂತ ಖರ್ಚಿನಲ್ಲಿ.

ಮಗನೋ ಮಗಳೋ ಪ್ರಾಯೋಜಿಸಿ ಅವಲಂಬಿತರ ವೀಸಾದಲ್ಲಿ ಕರೆಸಿಕೊಂಡ ತಂದೆತಾಯಿಯರ ವಿಷಯ ಎಚ್ಚರದಿಂದ ನೋಡಿ. ಅವರಿಗೆ ಸರ್ಕಾರಿ ಭತ್ಯೆ ಪಡೆಯುವಂತಿಲ್ಲ ಎಂಬ ಷರತ್ತಿರಬಹುದು, ಅಥವಾ ಮಕ್ಕಳು ಐದು ವರ್ಷ ತಾವೇ ನೋಡಿಕೊಳ್ಳುವುದಾಗಿ ಮುಚ್ಚಳಿಕೆ ಬರೆದುಕೊಟ್ಟಿರುತ್ತಾರೆ. ಕೂಟಕ್ಕೆ ಬಂದು ಉಣ್ಣುವುದು, ವ್ಯಾಯಾಮ ಮಾಡುವುದು ಆ ಭತ್ಯೆಗಳ ಪಟ್ಟಿಯಲ್ಲಿಲ್ಲ, ಧಾರಾಳವಾಗಿ ಬರಬಹುದು. ಆದರೆ ಅಟೆಂಡೆನ್ಸ್ ಅಲೋಯನ್ಸ್ (ಇನ್ನೊಬ್ಬರ ನೆರವು ಬೇಕಾದ ಹಿರಿಯರಿಗೆ ಸಿಗುವ ಭತ್ಯೆ) ಆ ಪಟ್ಟಿಯಲ್ಲಿದೆ. ಉತ್ಸಾಹದ ಸ್ವಯಂಸೇವಕರು ಎಲ್ಲರಿಗೂ ಅದರ ಫಾರ್ಮ್ ತುಂಬಿಸಿ ಒಂದು ಕುಟುಂಬದ ವೀಸಾ ಕೆಡಿಸಬಾರದು.

ಹಂತ 4: ಕೂಟದ ಒಳಗೆ ಏನಿರಬೇಕು

ಬೀಳುವುದನ್ನು ತಡೆಯುತ್ತೇವೆ ಎಂದರೆ ಕುರ್ಚಿಯಲ್ಲಿ ಕೂತು ಕೈ ಆಡಿಸುವುದು ಸಾಲದು. ಬ್ರಿಟನ್ನಿನ ಮುಖ್ಯ ವೈದ್ಯಾಧಿಕಾರಿಗಳ 2019ರ ಮಾರ್ಗಸೂಚಿ ಹಿರಿಯರಿಗೆ ವಾರದಲ್ಲಿ ಕನಿಷ್ಠ ಎರಡು ದಿನ ಸ್ನಾಯುಬಲ ಮತ್ತು ಸಮತೋಲನದ ವ್ಯಾಯಾಮ ಹೇಳುತ್ತದೆ. ಕೂಟ ವಾರಕ್ಕೊಂದೇ ಆದರೆ ಇನ್ನೊಂದು ದಿನಕ್ಕೆ ಮನೆಪಾಠ ಕೊಡಿ: ಅಡುಗೆಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು, ಕೈ ಊರದೆ ಕುರ್ಚಿಯಿಂದ ಏಳುವುದು. ಹೇಳಿಕೊಡುವವರು ಬೀಳುವುದನ್ನು ತಡೆಯುವ ವ್ಯಾಯಾಮಕ್ಕೆಂದೇ ಇರುವ ಒಟಾಗೊ ಅಥವಾ ಪೋಶ್ಚರಲ್ ಸ್ಟೆಬಿಲಿಟಿ ತರಬೇತಿ ಪಡೆದವರಾಗಿರಲಿ. ಬಳಗದ ಯೋಗದ ಮೇಷ್ಟ್ರು ಎಷ್ಟೇ ಒಳ್ಳೆಯವರಾದರೂ ಅರ್ಜಿ ಓದುವವರ ದೃಷ್ಟಿಯಲ್ಲಿ ಅದು ಇದಕ್ಕೆ ಸಮವಲ್ಲ. ಇನ್ನೊಂದು: ನಮ್ಮವರು ಬಾಗಿಲಲ್ಲೇ ಚಪ್ಪಲಿ ಬಿಟ್ಟು ಕಾಲುಚೀಲದಲ್ಲಿ ಒಳಗೆ ಬರುತ್ತಾರೆ. ಪಾಲಿಶ್ ಮಾಡಿದ ಮರದ ನೆಲ, ಕೆಳಗೆ ನೈಲಾನ್ ಕಾಲುಚೀಲ, ಮೇಲೆ ಸೀರೆಯ ನೆರಿಗೆ. ಬೀಳದಂತೆ ತಡೆಯುವ ತರಗತಿಯಲ್ಲೇ ಬಿದ್ದರೆ ವರದಿ ಬರೆಯುವುದು ಕಷ್ಟ. ಒಳಗೆ ಹಾಕಿಕೊಳ್ಳಲೆಂದೇ ಹಿಂಬದಿ ಮುಚ್ಚಿದ, ರಬ್ಬರ್ ತಳದ ಶೂ ತರಲು ಹೇಳಿ.

ಅಡುಗೆ ಸ್ವಯಂಸೇವೆಯಾದರೂ ವಾರವಾರ ನಡೆಯುವುದರಿಂದ ಅದು ಆಹಾರ ವ್ಯವಹಾರವೇ. ಶುರು ಮಾಡುವ 28 ದಿನ ಮುಂಚೆ ನೋಂದಾಯಿಸಿ, ಶುಲ್ಕವಿಲ್ಲ. ಮನೆಯಲ್ಲಿ ಮಾಡಿ ತರುವವರ ಅಡುಗೆ ಮನೆಯೂ ಇದರೊಳಗೆ ಬರುತ್ತದೆ. ಹೇಳಲೇಬೇಕಾದ 14 ಅಲರ್ಜಿ ಪದಾರ್ಥಗಳಲ್ಲಿ ನಮ್ಮ ಒಂದು ತಟ್ಟೆಯಲ್ಲೇ ಎಷ್ಟಿವೆ ನೋಡಿ: ಒಗ್ಗರಣೆಯ ಸಾಸಿವೆ, ಚಿತ್ರಾನ್ನದ ಕಡಲೆಕಾಯಿ, ಪಾಯಸದ ಗೋಡಂಬಿ, ತುಪ್ಪ ಮೊಸರಿನ ಹಾಲು, ಪುಡಿಯ ಎಳ್ಳು. ಯಾರ ಕಣ್ಣಿಗೂ ಬೀಳದ್ದು ಇಂಗು: ಡಬ್ಬಿಯ ಇಂಗಿನಲ್ಲಿ ಸಾಮಾನ್ಯವಾಗಿ ಗೋಧಿಹಿಟ್ಟು ಬೆರೆಸಿರುತ್ತಾರೆ, ಅಂದರೆ ಗ್ಲೂಟನ್. “ಬರೀ ಅನ್ನ ಸಾರು, ಗೋಧಿ ಇಲ್ಲ” ಎಂದು ಹೇಳುವ ಮುಂಚೆ ಡಬ್ಬಿ ತಿರುಗಿಸಿ ಓದಿ. ಬಿಸಿ ಅಡುಗೆ 63 ಡಿಗ್ರಿಗಿಂತ ಕೆಳಗಿಳಿಯಬಾರದು. ಬೆಳಿಗ್ಗೆ ಏಳಕ್ಕೆ ಕಲಸಿ ಕಾರಿನ ಡಿಕ್ಕಿಯಲ್ಲಿ ತಂದು ಒಂದೂವರೆಗೆ ಬಡಿಸುವ ಅನ್ನವೇ ಹೊಟ್ಟೆ ಕೆಡಿಸುವುದು.

ಹಂತ 5: ಬಜೆಟ್

ಒಂದು ಮಾದರಿ ಲೆಕ್ಕ ಹೀಗಿದೆ. ವಾರಕ್ಕೊಂದು ಕೂಟ, ವರ್ಷಕ್ಕೆ 44 ವಾರ, ಸರಾಸರಿ 25 ಜನ. ದರಗಳನ್ನು ನಿಮ್ಮೂರಿಗೆ ತಕ್ಕಂತೆ ಬದಲಿಸಿಕೊಳ್ಳಿ.

ಹಾಲ್, ಗಂಟೆಗೆ 25 ಪೌಂಡ್, 4 ಗಂಟೆ: 4,400
ಸಂಯೋಜಕರು, ವಾರಕ್ಕೆ 12 ಗಂಟೆ, 15 ಪೌಂಡ್, 52 ವಾರ: 9,360
ವ್ಯಾಯಾಮ ಶಿಕ್ಷಕರು, 45 ಪೌಂಡ್: 1,980
ಊಟ, ತಲೆಗೆ 4 ಪೌಂಡ್: 4,400
ಕಾರು, 6 ಜನ ಚಾಲಕರು, ತಲಾ 6 ಮೈಲಿ, ಮೈಲಿಗೆ 45 ಪೆನ್ಸ್: 713
ವಿಮೆ: 450
ತರಬೇತಿ: 400
ಫೋನ್, ಮುದ್ರಣ: 360
ಲೆಕ್ಕ ಪರಿಶೀಲನೆ: 300
ಮೇಲ್ಖರ್ಚು, ಮೇಲಿನ 22,363ರ ಶೇಕಡ 10: 2,236
ಒಟ್ಟು: 24,599
ಹಿರಿಯರು ಕೊಡುವ ತಲಾ 2 ಪೌಂಡ್: 2,200
ಕೇಳುವ ಮೊತ್ತ: 22,399

ಒಬ್ಬರ ಒಂದು ಭೇಟಿಗೆ ಕೌನ್ಸಿಲ್ಲಿಗೆ ಬೀಳುವುದು 20 ಪೌಂಡ್ 36 ಪೆನ್ಸ್. ಈ ಅಂಕಿಯನ್ನು ನೀವೇ ಬರೆಯಿರಿ, ಹೇಗೂ ಅವರು ಭಾಗಿಸಿ ನೋಡುತ್ತಾರೆ.

ಕೂಟ ಎರಡೂವರೆ ಗಂಟೆಯದಾದರೂ ಹಾಲ್ 4 ಗಂಟೆ. ಕುರ್ಚಿ ಹಾಕುವುದು, ಪಾತ್ರೆ ತೊಳೆಯುವುದು, ಕೊನೆಯ ಅಜ್ಜನ ಕಾರು ಬರುವವರೆಗೆ ಕಾಯುವುದು ಎಲ್ಲಕ್ಕೂ ಬಾಡಿಗೆ ಓಡುತ್ತಿರುತ್ತದೆ. ಸಂಯೋಜಕರಿಗೆ 52 ವಾರ ಹಾಕಿರುವುದು ಕಾನೂನಿನ 5.6 ವಾರದ ರಜೆ ಅದರೊಳಗೆ ಬರಲೆಂದು. 2025ರ ಏಪ್ರಿಲ್‌ನಿಂದ 5,000 ಪೌಂಡ್ ಮೀರಿದ ಸಂಬಳದ ಮೇಲೆ ಮಾಲೀಕರು ಶೇಕಡ 15 ನ್ಯಾಷನಲ್ ಇನ್ಶೂರೆನ್ಸ್ ಕಟ್ಟಬೇಕು. ಇಲ್ಲಿ ಅದು 654 ಪೌಂಡ್. ಚಾರಿಟಿಗಳು ಎಂಪ್ಲಾಯ್‌ಮೆಂಟ್ ಅಲೋಯನ್ಸ್ ಕೇಳಿಕೊಂಡರೆ ಮನ್ನಾ, ಕೇಳದಿದ್ದರೆ ಕೈಯಿಂದ ಹೋಗುತ್ತದೆ. ಮೇಲ್ಖರ್ಚಿನ ಸಾಲನ್ನು ಸಂಕೋಚಪಟ್ಟು ಬಿಡುವವರೇ ಹೆಚ್ಚು. ಬಿಟ್ಟರೆ ಅಗ್ಗವಾಗಿ ಕಾಣುವುದಿಲ್ಲ, ಲೆಕ್ಕ ಬಾರದವರಂತೆ ಕಾಣುತ್ತೀರಿ.

ಹಂತ 6: ಉತ್ತರ ಬರೆಯುವಾಗ

ಅಂಕ ಕೊಡುವವರ ಮುಂದೆ ಪ್ರಶ್ನೆವಾರು ಅಂಕಪಟ್ಟಿ ಇರುತ್ತದೆ. ಪ್ರಕಟಣೆಯಲ್ಲಿ ಅದರ ತೂಕ ಕೊಟ್ಟಿದ್ದರೆ ಪದಗಳನ್ನೂ ಅದೇ ಪ್ರಮಾಣದಲ್ಲಿ ಹಂಚಿ. ಬಳಗದ ಇತಿಹಾಸಕ್ಕೆ 300 ಪದ ಸುರಿದು ಫಲಿತಾಂಶಕ್ಕೆ 80 ಉಳಿಸಬೇಡಿ. ಒಂದು ಉತ್ತರದಲ್ಲಿ ಹೇಳಿದ್ದನ್ನು ಇನ್ನೊಂದಕ್ಕೆ ಅವರು ಒಯ್ಯುವುದಿಲ್ಲ, ಅಗತ್ಯವಿದ್ದಲ್ಲಿ ಮತ್ತೆ ಹೇಳಿ.

“ಹಿರಿಯರ ಆತ್ಮವಿಶ್ವಾಸ ಹೆಚ್ಚುತ್ತದೆ” ಎಂಬುದಕ್ಕೆ ಅಂಕ ಬರುವುದಿಲ್ಲ. “ಆರು ತಿಂಗಳ ಕೊನೆಗೆ 25ರಲ್ಲಿ 15 ಜನ ಕೈ ಊರದೆ ಕುರ್ಚಿಯಿಂದ ಐದು ಸಲ ಏಳಬಲ್ಲವರಾಗಿರುತ್ತಾರೆ, ಶುರುವಿನಲ್ಲೂ ಕೊನೆಯಲ್ಲೂ ಶಿಕ್ಷಕರೇ ಅಳೆದು ದಾಖಲಿಸುತ್ತಾರೆ” ಎಂಬುದಕ್ಕೆ ಬರುತ್ತದೆ. ಜಿಪಿ ಸರ್ಜರಿಯ ಸೋಷಿಯಲ್ ಪ್ರಿಸ್ಕ್ರೈಬಿಂಗ್ ಲಿಂಕ್ ವರ್ಕರ್ (ರೋಗಿಗಳನ್ನು ಸ್ಥಳೀಯ ಕೂಟಗಳಿಗೆ ಜೋಡಿಸುವವರು) “ಹೌದು, ನಾನು ಜನರನ್ನು ಇಲ್ಲಿಗೆ ಕಳಿಸುತ್ತೇನೆ” ಎಂದು ಬರೆದುಕೊಟ್ಟ ಎರಡು ಸಾಲು ಎಂಪಿಯ ಶುಭಾಶಯ ಪತ್ರಕ್ಕಿಂತ ತೂಕದ್ದು.

ಹಂತ 7: ಅಳತೆ

ಒಂಟಿತನಕ್ಕೆ ಇಂಗ್ಲೆಂಡಿನಲ್ಲಿ ಹೆಚ್ಚು ಬಳಕೆಯಲ್ಲಿರುವುದು ಯುಸಿಎಲ್ಎ ಅಳತೆಯ ಮೂರು ಪ್ರಶ್ನೆಗಳು: ಜೊತೆಗೆ ಯಾರೂ ಇಲ್ಲ ಅನ್ನಿಸುವುದು, ತನ್ನನ್ನು ಬಿಟ್ಟುಬಿಟ್ಟಿದ್ದಾರೆ ಅನ್ನಿಸುವುದು, ಉಳಿದವರಿಂದ ದೂರವಾಗಿದ್ದೇನೆ ಅನ್ನಿಸುವುದು ಎಷ್ಟು ಸಲ ಎಂದು. ಪ್ರತಿಯೊಂದಕ್ಕೂ 1ರಿಂದ 3, ಒಟ್ಟು 3ರಿಂದ 9. ಹೆಚ್ಚಿದಷ್ಟೂ ಒಂಟಿತನ ಹೆಚ್ಚು.

ತೊಡಕು ಇರುವುದು ಕೇಳುವ ರೀತಿಯಲ್ಲಿ. “ನಿಮಗೆ ಒಂಟಿ ಅನ್ಸುತ್ತಾ ಆಂಟಿ?” ಎಂದು ಊಟದ ಸಾಲಿನಲ್ಲಿ, ಸೊಸೆ ಪಕ್ಕದಲ್ಲಿ ನಿಂತಿರುವಾಗ ಕೇಳಿದರೆ “ಅಯ್ಯೋ ಇಲ್ಲಪ್ಪ, ಮಕ್ಕಳು ಚೆನ್ನಾಗಿ ನೋಡ್ಕೋತಾರೆ” ಎಂಬ ಉತ್ತರವೇ ಬರುವುದು. ಮೊದಲ ದಿನ ಎಲ್ಲರೂ 3 ಅಂಕ ತೆಗೆದುಕೊಂಡರೆ ವರ್ಷದ ಕೊನೆಗೆ ಸುಧಾರಿಸಿದ್ದು ಏನೂ ಕಾಣುವುದಿಲ್ಲ. ಎರಡನೆಯದೋ ಮೂರನೆಯದೋ ವಾರ, ಪಕ್ಕದ ಕೋಣೆಯಲ್ಲಿ, ಮನೆಯವರಿಲ್ಲದೆ, ಅವರಿಗೆ ಪರಿಚಯವಾದ ಒಬ್ಬರೇ ಕೂತು ಕೇಳಲಿ. ಕೊನೆಗೂ ಅವರೇ, ಅದೇ ಮಾತಿನಲ್ಲಿ ಕೇಳಲಿ. ಹೋಲಿಸುವಾಗ ಎರಡೂ ಸಲ ಉತ್ತರಿಸಿದವರನ್ನು ಮಾತ್ರ ಹೋಲಿಸಿ: ಶುರುವಿಗೆ 22, ಕೊನೆಗೆ 17 ಜನ ಸಿಕ್ಕಿದ್ದರೆ ಆ 17ರದ್ದೇ ಲೆಕ್ಕ, ಉಳಿದ ಐವರು ಏಕಿಲ್ಲ ಎಂದು ಒಂದು ಸಾಲು. ಒಬ್ಬರು ಕೇರ್ ಹೋಮಿಗೆ ಹೋದರು, ಇಬ್ಬರು ಬೆಂಗಳೂರಿಗೆ ಹೋಗಿ ಮಾರ್ಚಿಗೆ ಬರುತ್ತಾರೆ ಎಂದು ಇದ್ದದ್ದನ್ನೇ ಬರೆಯಿರಿ. ಚಳಿಗಾಲದಲ್ಲಿ ಊರಿಗೆ ಹೋಗುವವರ ಸಂಖ್ಯೆಯನ್ನು ಹಾಜರಿಯ ಗುರಿ ಇಡುವಾಗಲೇ ಕಳೆಯಬೇಕು.

ಹಂತ 8: ಮಂಜೂರಾದ ಮೇಲೆ

ಈ ಹಣ ನಿರ್ಬಂಧಿತ ನಿಧಿ. ಯುಗಾದಿ ಕಾರ್ಯಕ್ರಮದ ಕೊರತೆಗೆ ಹದಿನೈದು ದಿನ ಸಾಲ ತೆಗೆದು ಹಾಕಿದರೂ ಅದು ದುರುಪಯೋಗವೇ. ಲೆಕ್ಕಪುಸ್ತಕದಲ್ಲಿ ಬೇರೆ ಕಾಲಂ ಇಡಿ. ಒಪ್ಪಂದದಲ್ಲಿ ಮೂರು ಕಲಂ ಹುಡುಕಿ: ಹಣ ಮುಂಗಡವೋ, ಖರ್ಚಾದ ಮೇಲೋ; ಉಳಿದದ್ದು ವಾಪಸೋ, ಮುಂದಿನ ವರ್ಷಕ್ಕೋ; ಕೌನ್ಸಿಲ್ ನಿಲ್ಲಿಸಬೇಕೆಂದರೆ ಎಷ್ಟು ದಿನದ ನೋಟಿಸ್. ಮೂರನೆಯದು ಕೇವಲ ಕಾಗದದ ಮಾತಲ್ಲ. ಕ್ರಾಯ್ಡನ್ 2020ರಲ್ಲಿ, ಬರ್ಮಿಂಗ್‌ಹ್ಯಾಮ್, ನಾಟಿಂಗ್‌ಹ್ಯಾಮ್ 2023ರಲ್ಲಿ ಸೆಕ್ಷನ್ 114 ನೋಟಿಸ್ (ಬಜೆಟ್ ಸರಿದೂಗುವುದಿಲ್ಲ ಎಂಬ ಘೋಷಣೆ) ಹೊರಡಿಸಿ ಹೊಸ ಖರ್ಚಿಗೆ ತಡೆ ಹಾಕಿದವು. ಸಂಯೋಜಕರ ನೇಮಕಪತ್ರದ ನೋಟಿಸ್ ಅವಧಿ ಗ್ರ್ಯಾಂಟಿನ ನೋಟಿಸ್ ಅವಧಿಗಿಂತ ಉದ್ದವಿರಬಾರದು.

ಅರ್ಜಿ ತಿರಸ್ಕಾರವಾದರೆ ಪ್ರಶ್ನೆವಾರು ಅಂಕ ಕೇಳಿ ಇಮೇಲ್ ಮಾಡಿ, ಬಹುಪಾಲು ಕೊಡುತ್ತಾರೆ. ಕೌನ್ಸಿಲ್ಲಿನ ವರ್ಷ ಏಪ್ರಿಲ್‌ನಿಂದ ಮಾರ್ಚ್‌. ಜನವರಿಯ ಹೊತ್ತಿಗೆ ಕೆಲವು ಖಾತೆಗಳಲ್ಲಿ ಖರ್ಚಾಗದ ಹಣ ಉಳಿದಿರುತ್ತದೆ, ಮಾರ್ಚ್ 31ರೊಳಗೆ ಖರ್ಚಾಗುವಂಥ ಸಣ್ಣ ಬೇಡಿಕೆಗೆ ಆಗ ಕಿವಿ ತೆರೆದಿರುತ್ತದೆ. ಹಿಡಿಕೆಯಿರುವ 25 ಕುರ್ಚಿ, ಅಡುಗೆಯ ಥರ್ಮಾಮೀಟರ್, ಹತ್ತು ವಾರಕ್ಕೆ ಶಿಕ್ಷಕರು: ಇಂಥದ್ದೊಂದು ಪುಟದ ಅರ್ಜಿಯನ್ನು ಡಿಸೆಂಬರಿನಲ್ಲೇ ಬರೆದು, ದರಪಟ್ಟಿ ಲಗತ್ತಿಸಿ ಸಿದ್ಧವಾಗಿಟ್ಟುಕೊಳ್ಳಿ.